ಎರಡು ಲೀಟರ್ ಲೆಕ್ಕ: ಅಕ್ಕ, ಭಾವ, ನಾನು ಮತ್ತು ಆಸ್ಟ್ರೇಲಿಯಾದ ವೈನು

ಮೊದಲೇ ಹೇಳಿಬಿಡುತ್ತೇನೆ, ನಾನೇನೂ ವೈನ್ ತಿಳಿದವಳಲ್ಲ. ತೀರ್ಥಹಳ್ಳಿ ಕಡೆಯವಳು, ಇರುವುದು ಬೆಂಗಳೂರಲ್ಲಿ, ವರ್ಷಕ್ಕೆ ಆರೇಳು ಬಾಟಲಿ ಗೆಳತಿಯರ ಜೊತೆ ಸೇರಿ ಮುಗಿಸುವವಳು, ಅಷ್ಟೆ. ನಮ್ಮಲ್ಲಿ 'ವೈನ್ಸ್' ಅಂತ ಇಷ್ಟು ದೊಡ್ಡ ಬೋರ್ಡ್ ಹಾಕಿರುವ ಅಂಗಡಿಯಲ್ಲಿ ರಮ್ಮು, ಬ್ರಾಂದಿ, ವಿಸ್ಕಿ ಎಲ್ಲ ಸಿಗುತ್ತದೆ. ವೈನ್ ಕೇಳಿದರೆ ಮಾತ್ರ ಹುಡುಗ ಸ್ಟೂಲ್ ಹತ್ತಿ, ಮೇಲಿನ ಗೂಡಿನಿಂದ ಧೂಳು ಒರೆಸಿ ಒಂದು ಬಾಟಲಿ ಇಳಿಸುತ್ತಾನೆ. ಹಾಗಾಗಿ ಅಡಿಲೇಡಿನಲ್ಲಿರುವ ಅಕ್ಕ "ಮಾರ್ಚಲ್ಲಿ ಬಾರೇ, ದ್ರಾಕ್ಷಿ ಕೊಯ್ಲಿನ ಟೈಮು, ತೋಟ ಎಲ್ಲಾ ಸುತ್ತಿಸ್ತೀನಿ" ಅಂದಾಗ ಇದ್ದಬದ್ದ ರಜೆಯನ್ನೆಲ್ಲ ಒಟ್ಟು ಮಾಡಿಕೊಂಡು ಹೊರಟೆ.

ಅಮ್ಮನಿಗೆ ಹೇಳಿದ್ದು "ದ್ರಾಕ್ಷಿ ತೋಟ ನೋಡೋಕೆ" ಅಂತ. ಸುಳ್ಳೇನಲ್ಲ ಅಲ್ವಾ. "ಹಾಗಾದ್ರೆ ಒಳ್ಳೇ ಒಣದ್ರಾಕ್ಷಿ ಸಿಕ್ಕಿದ್ರೆ ತಾ" ಅಂದರು.

ಒಂದು ಲೆಕ್ಕ ಮಾತ್ರ ಮೊದಲೇ ಹಾಕಿಕೊಂಡಿದ್ದೆ. ಹೊರದೇಶದಿಂದ ವಾಪಸ್ ಬರುವಾಗ ಸುಂಕ ಕಟ್ಟದೆ ಒಬ್ಬರು ತರಬಹುದಾದ ಮದ್ಯ 2 ಲೀಟರ್. ವೈನ್ ಬಾಟಲಿ 750 ಮಿಲಿ. ಎರಡು ಬಾಟಲಿಗೆ ಒಂದೂವರೆ ಲೀಟರ್ ಆಯಿತು, ಮೂರನೆಯದು ಹಾಕಿದರೆ ಲೆಕ್ಕ ತಪ್ಪಿತು. 375 ಮಿಲಿಯ ಅರ್ಧ ಬಾಟಲಿ ಬೇಕಿದ್ದರೆ ಒಂದು ತೂರಿಸಬಹುದು. ಹಾಗಾಗಿ ಈ ಹತ್ತು ದಿನದಲ್ಲಿ ಏನೇ ಬಾಯಿಗಿಟ್ಟರೂ ಅಕ್ಕ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದು ಸೂಟ್‌ಕೇಸ್ ಹತ್ತುತ್ತಾ?"

ಮೊದಲ ದಿನ: ಬಾಟಲ್ ಅಂಗಡಿ

ಭಾವ ಏರ್‌ಪೋರ್ಟಿಗೆ ಬಂದಿದ್ದರು. ಅವರು ಕುಡಿಯುವುದಿಲ್ಲ. ವ್ರತ ಗಿತ ಏನಿಲ್ಲ, "ನಂಗೆ ಆ ಹುಳಿ ಆಗಲ್ಲಮ್ಮ" ಅನ್ನುತ್ತಾರೆ. ನಮ್ಮ ಪುಣ್ಯ ಅದು. ಅಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯ 0.05 ದಾಟುವಂತಿಲ್ಲ, ಪೊಲೀಸರು ಎಲ್ಲಿ ಬೇಕಾದರೂ ಅಡ್ಡ ಹಾಕಿ ಊದಿಸುತ್ತಾರೆ. ವೈನ್ ಊರುಗಳಿಗೆ ಹೋಗುವವರು ಮೊದಲು ಹುಡುಕಬೇಕಾದ್ದು ಕುಡಿಯದ ಒಬ್ಬ ಭಾವನನ್ನ.

ಸಂಜೆ ಅಕ್ಕ ನೇರ ಬಾಟಲ್ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿನವರು 'ಬಾಟಲ್-ಓ' ಅನ್ನುತ್ತಾರೆ. ನಮ್ಮ ಸೂಪರ್ ಮಾರ್ಕೆಟ್ ಅಷ್ಟು ದೊಡ್ಡದು, ತಳ್ಳುಗಾಡಿ ತಳ್ಳಿಕೊಂಡು ಅಜ್ಜಿಯರು, ಮಗು ಕೂರಿಸಿಕೊಂಡ ಅಮ್ಮಂದಿರು ಆರಾಮಾಗಿ ಓಡಾಡುತ್ತಾರೆ. ಕಪ್ಪು ಕವರಿಲ್ಲ, ನ್ಯೂಸ್ ಪೇಪರ್ ಸುತ್ತುವುದಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ಯಾರಾದರೂ ಪರಿಚಯದವರು ಇದ್ದಾರಾ ಅಂತ ಎರಡು ಸಲ ತಿರುಗಿ ನೋಡಿದೆ.

ಕೆಳಗಿನ ಗೂಡಿನಲ್ಲಿ ರಟ್ಟಿನ ಡಬ್ಬಿಗಳು. ಒಳಗೆ ಚೀಲ, ಚೀಲಕ್ಕೊಂದು ನಲ್ಲಿ, ನಾಲ್ಕು ಲೀಟರ್ ವೈನು. ವೈನನ್ನು ಹೀಗೆ ಡಬ್ಬಿಯೊಳಗಿನ ಚೀಲಕ್ಕೆ ತುಂಬುವುದನ್ನು ಕಂಡುಹಿಡಿದವರು ಇದೇ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಥಾಮಸ್ ಆಂಗೋವ್, 1965ರಲ್ಲಿ. ಆಡುಮಾತಲ್ಲಿ 'ಗೂನ್' ಅನ್ನುತ್ತಾರೆ, ಹಾಸ್ಟೆಲ್ ಹುಡುಗರ ಪಾನೀಯ. ಅಕ್ಕ ಓದುವಾಗ ಅದೇ ಗತಿಯಂತೆ. "ಮುಟ್ಟಬೇಡ" ಅಂದಳು. ಮುಟ್ಟಲಿಲ್ಲ.

ಅದರ ಮೇಲಿನ ಗೂಡು 10ರಿಂದ 18 ಡಾಲರಿನವು. ನಾನು ಹೋದಾಗ ಆಸ್ಟ್ರೇಲಿಯಾದ ಒಂದು ಡಾಲರ್ 55-60 ರೂಪಾಯಿ ಇತ್ತು ಅಂತ ಇಟ್ಟುಕೊಳ್ಳಿ. ಬೆಂಗಳೂರಲ್ಲಿ ನಾವು ದೊಡ್ಡ ವೈನ್ ಅಂದುಕೊಂಡು ಹುಟ್ಟುಹಬ್ಬಕ್ಕೆ ಕೊಡುವ ಜೇಕಬ್ಸ್ ಕ್ರೀಕ್, ಯೆಲ್ಲೋ ಟೇಲ್ ಇಲ್ಲಿ ಬೇಳೆ-ಸಕ್ಕರೆ ಥರ ಸಾಲಾಗಿ ನಿಂತಿವೆ. ನಮ್ಮಲ್ಲಿ ದುಬಾರಿ ಆಗೋದು ಸುಂಕದಿಂದ. 2022ರ ಡಿಸೆಂಬರ್ 29ಕ್ಕೆ ಜಾರಿಯಾದ ಭಾರತ-ಆಸ್ಟ್ರೇಲಿಯಾ ಒಪ್ಪಂದದಲ್ಲಿ, 150 ಪರ್ಸೆಂಟ್ ಇದ್ದ ಆಮದು ಸುಂಕ 5 ಅಮೆರಿಕನ್ ಡಾಲರ್ ಮೇಲಿನ ಬಾಟಲಿಗೆ 100ಕ್ಕೆ, 15 ಡಾಲರ್ ಮೇಲಿನದಕ್ಕೆ 75ಕ್ಕೆ ಇಳಿಯಿತು. ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಬೇರೆ ಬೀಳುತ್ತದಲ್ಲ, ಹಾಗಾಗಿ ನಮ್ಮ ಬಿಲ್ಲಿನಲ್ಲಿ ಅದು ಎಲ್ಲಿ ಇಳಿಯಿತೋ ಕಾಣೆ.

ಈ ಗೂಡಿನಿಂದ ತಂದದ್ದು ಯಾಲಂಬಾ ಕಂಪನಿಯವರ ವೈ ಸೀರೀಸ್ ವಿಯೋನಿಯೇ (ಅದೊಂದು ಬಿಳಿ ದ್ರಾಕ್ಷಿ ಜಾತಿ), ಹದಿನಾಲ್ಕು ಡಾಲರ್ ಆಸುಪಾಸು. ಪುಸ್ತಕದಲ್ಲೆಲ್ಲ ಏಪ್ರಿಕಾಟ್ ವಾಸನೆ ಅಂತ ಬರೆದಿರುತ್ತಾರೆ. ನಾನು ಬೆಳೆದ ಮನೆಯಲ್ಲಿ ಏಪ್ರಿಕಾಟ್ ಎಲ್ಲಿತ್ತು? ಮೂಗಿಟ್ಟ ಕೂಡಲೇ ಬಂದದ್ದು ಕೆಂಡಸಂಪಿಗೆ. ಅಕ್ಕನೂ "ಹೌದು ಕಣೇ, ಸಂಪಿಗೇನೇ" ಅಂದಳು. ಆವತ್ತೇ ಠರಾವು ಮಾಡಿಕೊಂಡೆವು, ಇನ್ನು ಮೇಲೆ ನಮ್ಮ ಹಿತ್ತಲಲ್ಲಿದ್ದ ಹಣ್ಣು ಹೂವಿನ ಹೆಸರೇ ಹೇಳುವುದು ಅಂತ. ಈ ಬೆಲೆಗೆ ಬಿಳಿ ವೈನ್ ಬೇಕಿದ್ದರೆ ಇದನ್ನು ಧೈರ್ಯವಾಗಿ ತಗೊಳ್ಳಿ. ಕೆಂಪು ಬೇಕಿದ್ದರೆ ಪೆನ್‌ಫೋಲ್ಡ್ಸ್‌ನವರ ಕೂನಂಗ ಹಿಲ್. ಯೆಲ್ಲೋ ಟೇಲ್‌ನವರ ಶಿರಾಜ್ (ಕೆಂಪು ವೈನ್ ಮಾಡುವ ಕಪ್ಪು ದ್ರಾಕ್ಷಿ ಜಾತಿ) ನನಗೆ ಜಾಮ್ ಕರಗಿಸಿ ಕುಡಿದ ಹಾಗಾಯಿತು.

ಎರಡನೇ ದಿನ: ಬರೋಸಾ

ಅಡಿಲೇಡಿನಿಂದ ಒಂದು ಗಂಟೆ ದಾರಿ. ಮಾರ್ಚ್ ಅಲ್ಲಿ ಬೇಸಿಗೆಯ ಕೊನೆ, ಹುಲ್ಲೆಲ್ಲ ಒಣಗಿ ರಾಗಿ ಕೊಯ್ದ ಹೊಲದ ಬಣ್ಣ. ಅದರ ಮಧ್ಯೆ ಗೆರೆ ಎಳೆದ ಹಾಗೆ ಹಸಿರು ದ್ರಾಕ್ಷಿ ಸಾಲು. 1840ರ ದಶಕದಲ್ಲಿ ಸೈಲೀಸಿಯಾ ಕಡೆಯಿಂದ ಬಂದ ಲೂಥರನ್ ಜರ್ಮನ್ನರು ಕಟ್ಟಿದ ಊರುಗಳು ಇವು. ಈಗಲೂ ಚೂಪು ಗೋಪುರದ ಚರ್ಚು, ಬೇಕರಿಯಲ್ಲಿ ಜರ್ಮನ್ ಕೇಕು. ಜೇಕಬ್ಸ್ ಕ್ರೀಕ್ ಅನ್ನುವ ಹಳ್ಳವೂ ದಾರಿಯಲ್ಲೇ ಸಿಗುತ್ತದೆ. ಯೋಹಾನ್ ಗ್ರಾಂಪ್ ಅನ್ನುವವರು ಅದರ ದಂಡೆಯಲ್ಲಿ 1847ರಲ್ಲಿ ದ್ರಾಕ್ಷಿ ನೆಟ್ಟಿದ್ದಂತೆ. ನಾವು ಹೋದಾಗ ಹನಿ ನೀರಿರಲಿಲ್ಲ. ನಮ್ಮೂರ ಗದ್ದೆ ಬದಿಯ ಕಾಲುವೆ ಇದಕ್ಕಿಂತ ಅಗಲ.

ಟನುಂಡಾ ಊರಿನ ಲಾಂಗ್‌ಮೈಲ್ ತೋಟದಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳಿವೆ. ಬಳ್ಳಿ ಅನ್ನುವುದಕ್ಕೇ ಮನಸ್ಸು ಬರಲ್ಲ. ಹಳೇ ಹುಣಸೆ ಮರವನ್ನು ಸೊಂಟದೆತ್ತರಕ್ಕೆ ಕುಗ್ಗಿಸಿದ ಹಾಗೆ ತಿರುಚಿಕೊಂಡ ಬೊಡ್ಡೆ, ಸಿಪ್ಪೆ ಸುಲಿದು ನೇತಾಡುತ್ತದೆ, ಮಧ್ಯೆ ಪೊಟರೆ, ಮೇಲೆ ಮಾತ್ರ ಎಳೆ ಹಸಿರು. ಯೂರೋಪಿನ ಹಳೇ ಬಳ್ಳಿಗಳಲ್ಲಿ ಬಹುಪಾಲನ್ನು ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನುವ ಬೇರು ತಿನ್ನುವ ಹುಳ ಮುಗಿಸಿಹಾಕಿತು. ಆ ಹುಳ ದಕ್ಷಿಣ ಆಸ್ಟ್ರೇಲಿಯಾಕ್ಕೆ ಇವತ್ತಿನವರೆಗೂ ಕಾಲಿಟ್ಟಿಲ್ಲ, ಹಾಗಾಗಿ ಇವು ಉಳಿದಿವೆ. ಬರೋಸಾದವರು ವಯಸ್ಸಿನ ಮೇಲೆ ಬಳ್ಳಿಗೆ ಪದವಿ ಕೊಟ್ಟಿದ್ದಾರೆ: 35 ದಾಟಿದರೆ ಹಳೆಯದು, 70 ದಾಟಿದರೆ ಬದುಕುಳಿದದ್ದು, 100 ದಾಟಿದರೆ ಶತಾಯುಷಿ, 125 ದಾಟಿದರೆ ಪೂರ್ವಜ. ಸಾಲಿನೊಳಗೆ ಸುಮ್ನೆ ನಡೆದುಬಿಡುವ ಹಾಗಿಲ್ಲ, ನಮ್ಮ ಚಪ್ಪಲಿಯ ಮಣ್ಣಲ್ಲೇ ಆ ಹುಳ ಬಂದರೆ? ಬೇಲಿಯಾಚೆ ನಿಂತು ನೋಡಿದೆವು. ಅಕ್ಕ ಕೈ ಮುಗಿದಳು. ತಮಾಷೆಗೆ ಮುಗಿದಳೋ ನಿಜಕ್ಕೂ ಮುಗಿದಳೋ ಕೇಳಲಿಲ್ಲ.

ಆ ಪೂರ್ವಜರ ವೈನ್ ನೂರು ಡಾಲರಿಗೂ ಮೇಲೆ. ನಮಗೆ ಸಿಕ್ಕಿದ್ದು ಅವರದೇ ವ್ಯಾಲಿ ಫ್ಲೋರ್ ಶಿರಾಜ್, ಮೂವತ್ತರ ಆಸುಪಾಸು. ಗಟ್ಟಿ ನೇರಳೆ ಹಣ್ಣು. ನೇರಳೆ ತಿಂದಮೇಲೆ ನಾಲಿಗೆ ಒಂಥರಾ ಒಣಗಿ ಹಿಡಿದುಕೊಳ್ಳುತ್ತದಲ್ಲ, ಆ ಒಗರನ್ನೇ ಅವರು ಟ್ಯಾನಿನ್ ಅನ್ನುವುದು. ಹಸಿ ಅಡಿಕೆ ಅಗಿದು ಬೆಳೆದವರಿಗೆ ಟ್ಯಾನಿನ್ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ.

ರುಚಿ ನೋಡುವ ಕೋಣೆಗೆ 'ಸೆಲ್ಲರ್ ಡೋರ್' ಅನ್ನುತ್ತಾರೆ. ಐದಾರು ವೈನ್, ಒಂದೊಂದೂ ಎರಡು ಗುಟುಕು, ಕೆಲವು ಕಡೆ 10 ಡಾಲರ್, ಕೆಲವು ಕಡೆ 30. ಬಾಟಲಿ ಕೊಂಡರೆ ಎಷ್ಟೋ ಕಡೆ ಆ ದುಡ್ಡು ಬಿಡುತ್ತಾರೆ. ಮೇಜಿನ ಮೇಲೆ ಉಗಿಯುವುದಕ್ಕೆ ಒಂದು ಪಾತ್ರೆ. ಎಲ್ಲರೆದುರು ಉಗಿಯುವುದು ಹೇಗೆ ಅಂತ ಮೊದಲ ಎರಡು ಜಾಗದಲ್ಲಿ ನುಂಗಿಯೇ ನುಂಗಿದೆ, ಮಧ್ಯಾಹ್ನದ ಹೊತ್ತಿಗೆ ಬಿಸಿಲೂ ಸೇರಿ ತಲೆ ಗಿರ್ ಅಂದಿತು. ಆಮೇಲೆ ನೆನಪಾಯಿತು, ಅಜ್ಜಿಯ ಪೀಕದಾನಿಯೂ ಇದೇ ತಾನೇ? ಆಮೇಲಿಂದ ನಾಚಿಕೆ ಇಲ್ಲದೆ ಉಗಿದೆ. ಮೊದಲ ದಿನ ಹೋಗುವವರಿಗೆ ಹೇಳುತ್ತೇನೆ, ದಿನಕ್ಕೆ ಮೂರು ಕಡೆ ಸಾಕು. ನಾಲ್ಕನೆಯ ಕಡೆ ಎಲ್ಲ ವೈನೂ ಚೆನ್ನಾಗೇ ಇರುತ್ತೆ, ನಂಬಬೇಡಿ.

ರಾತ್ರಿ ಮನೆಯಲ್ಲಿ ಅಕ್ಕ ಹೋಲಿಸಿ ನೋಡು ಅಂತ ಇನ್ನೊಂದು ಶಿರಾಜ್ ತೆಗೆದಳು, ವಿಕ್ಟೋರಿಯಾದ ಗ್ರಾಂಪಿಯನ್ಸ್ ಬೆಟ್ಟದ ಕಡೆಯ ಮೌಂಟ್ ಲಾಂಗಿ ಗಿರಾನ್‌ನವರ ಕ್ಲಿಫ್ ಎಡ್ಜ್. ಬರೋಸಾಗಿಂತ ತಂಪು ಜಾಗ ಅದು. ಮೂಗಿಟ್ಟೆ, ಕಣದಲ್ಲಿ ಒಣಗಿಸಿದ ಕಾಳುಮೆಣಸು! ಹೋಲಿಕೆ ಅಂತ ಹೇಳಿದ್ದಲ್ಲ. ಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಅನ್ನುವ ಪದಾರ್ಥವೇ ಶಿರಾಜ್ ಸಿಪ್ಪೆಯಲ್ಲೂ ಇರುತ್ತದೆ, ತಂಪು ಜಾಗದಲ್ಲಿ ಜಾಸ್ತಿ. ಅದನ್ನು ಪತ್ತೆ ಮಾಡಿದ್ದು ಇದೇ ಅಡಿಲೇಡಿನ ವೈನ್ ಸಂಶೋಧನಾ ಸಂಸ್ಥೆಯವರು. ಮಜಾ ಏನಂದರೆ ಐದು ಜನರಲ್ಲಿ ಒಬ್ಬರಿಗೆ ಆ ರೊಟಂಡೋನ್ ಮೂಗಿಗೇ ಹತ್ತುವುದಿಲ್ಲವಂತೆ. ಭಾವನ ಮೂಗಿನ ಕೆಳಗೆ ಲೋಟ ಹಿಡಿದೆವು. ಕಣ್ಣು ಮುಚ್ಚಿ ಎಳೆದರು. ಮತ್ತೆ ಎಳೆದರು. "ದ್ರಾಕ್ಷಿ ವಾಸನೆ ಬರ್ತಿದೆ" ಅಂದರು. ಅಪ್ಪ ಮೆಣಸು ಮಾರಿ ಇಂಜಿನಿಯರಿಂಗ್ ಓದಿಸಿದ ಮನುಷ್ಯ ಇವರು.

ಮೂರನೇ ದಿನ: ಜೋನಿ ಬೆಲ್ಲ ಮತ್ತು ಸೀಮೆಎಣ್ಣೆ

ಮತ್ತೆ ಬರೋಸಾ ಕಡೆಗೇ. ಸೆಪ್ಪೆಲ್ಟ್ಸ್‌ಫೀಲ್ಡ್ 1851ರಲ್ಲಿ ಶುರುವಾದ ಜಾಗ, ದಾರಿಯ ಎರಡೂ ಬದಿ ಸಾಲು ಸಾಲು ತಾಳೆ ಮರ. 1878ರಲ್ಲಿ ಬೆನ್ನೋ ಸೆಪ್ಪೆಲ್ಟ್ ಅನ್ನುವವರು ಒಂದು ಪೀಪಾಯಿ ಒಳ್ಳೆ ಪೋರ್ಟ್ ಥರದ ಗಟ್ಟಿ ಸಿಹಿ ವೈನ್ ಎತ್ತಿಟ್ಟು, ನೂರು ವರ್ಷ ಯಾರೂ ತೆಗೆಯಬಾರದು ಅಂದರಂತೆ. ಆಮೇಲೆ ಪ್ರತಿ ವರ್ಷವೂ ಒಂದೊಂದು. 1978ರಲ್ಲಿ ಮೊದಲನೆಯದು ತೆಗೆದರು, ಅಲ್ಲಿಂದ ಇಲ್ಲಿವರೆಗೂ ವರ್ಷಕ್ಕೊಂದು ನೂರು ವರ್ಷದ ವೈನ್ ಹೊರಬರುತ್ತಲೇ ಇದೆ. ಎತ್ತಿಟ್ಟವರು ಯಾರೂ ಕುಡಿದಿಲ್ಲ.

ಮುಂಚೆ ಬುಕ್ ಮಾಡಿ ಹೋದರೆ ನೀವು ಹುಟ್ಟಿದ ವರ್ಷದ ಪೀಪಾಯಿಯಿಂದಲೇ ಒಂದು ಗುಟುಕು ಕೊಡುತ್ತಾರೆ. ಅಗ್ಗ ಅಲ್ಲ. ಆದರೂ ಹುಟ್ಟುಹಬ್ಬಕ್ಕೆ ಅಕ್ಕ ಕೊಡಿಸುವ ಉಡುಗೊರೆ ಅಂತ ಲೆಕ್ಕ ಹಾಕಿಕೊಂಡೆವು. ನನ್ನದು 1986. ಕತ್ತಲೆ ಕೋಣೆ, ಸಾಲಾಗಿ ಪೀಪಾಯಿ, ಮೇಲೆ ಬಿಳಿ ಬಣ್ಣದಲ್ಲಿ ವರ್ಷ. ಹುಡುಗಿ ಗಾಜಿನ ಕೊಳವೆ ಇಳಿಸಿ ಎತ್ತಿ ಲೋಟಕ್ಕೆ ಬಿಟ್ಟಳು. ನೀರಿನ ಹಾಗೆ ಬೀಳಲಿಲ್ಲ, ಎಳೆಯಾಗಿ ಇಳಿಯಿತು. ಲೋಟ ತಿರುಗಿಸಿದರೆ ಗಾಜಿಗೆ ಕಂದು ಬಣ್ಣ ಮೆತ್ತಿಕೊಂಡು ನಿಧಾನಕ್ಕೆ ಜಾರುತ್ತದೆ. ವರ್ಷ ವರ್ಷವೂ ಮರದ ಸಂದಿನಿಂದ ನೀರು ಆರಿ ಆರಿ ಗಟ್ಟಿಯಾದದ್ದು. ನಮ್ಮ ಮನೆಯ ಅಟ್ಟದಲ್ಲಿ ಡಬ್ಬಿಯಲ್ಲಿಟ್ಟ ಹಳೇ ಜೋನಿ ಬೆಲ್ಲದ ಪರಿಮಳವೇ, ಅದರ ಹಿಂದೆ ಒಣಖರ್ಜೂರ, ಹುರಿದ ಗೋಡಂಬಿ, ಕೊನೆಗೊಂದು ಹುಳಿ. ಕಾಲು ಗಂಟೆ ಬಾಯಲ್ಲಿತ್ತು. ನೂರು ವರ್ಷದ್ದರ ಬೆಲೆ ಕೇಳಿ ಭಾವ ಹೊರಗೆ ಹೋಗಿ ಕೂತರು. ಸೂಟ್‌ಕೇಸ್ ಹತ್ತಲಿಲ್ಲ.

ಮಧ್ಯಾಹ್ನ ಆಂಗ್‌ಸ್ಟನ್ ಊರಲ್ಲಿ ಯಾಲಂಬಾ. 1849ರಿಂದ ಒಂದೇ ಮನೆತನ. ಇಲ್ಲೇ ಸಿಕ್ಕಿದ್ದು ನನ್ನ ಮೊದಲ ಬಾಟಲಿ. ಬರೋಸಾ ಬಯಲಿನ ಮೇಲಿರುವ ಎತ್ತರದ ಜಾಗ ಈಡನ್ ವ್ಯಾಲಿ, ಅಲ್ಲಿ ಇವರದೇ ಪ್ಯೂಸಿ ವೇಲ್ ಅನ್ನುವ ತೋಟ, ಅಲ್ಲಿಯ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನು. 20-25 ಡಾಲರ್. ಲೋಟದಲ್ಲಿ ನೀರಿನ ಹಾಗೆ ಕಾಣುತ್ತೆ. ಕುಡಿದರೆ ಗಜನಿಂಬೆ ಸಿಪ್ಪೆ ಉಗುರಲ್ಲಿ ಗೀರಿದ ಹಾಗೆ ಚುರುಕ್. ಸಿಹಿ ಒಂದು ಚೂರೂ ಇಲ್ಲ. ಆಮೇಲೆ ಅದೇ ತೋಟದ್ದೇ ಐದು ವರ್ಷ ಇಟ್ಟು ಮಾರುವ ಕಾಂಟೂರ್ಸ್ ಕೊಟ್ಟರು. ಮೂಸಿ ನೋಡಿ ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಸೀಮೆಎಣ್ಣೆ! ಪಂಪ್ ಸ್ಟವ್ ಹಚ್ಚುವ ಮೊದಲು ಅಡುಗೆಮನೆಯಲ್ಲಿ ಬರುತ್ತಿತ್ತಲ್ಲ, ಅದೇ. ಹಾಳಾಗಿದೆಯಾ ಅಂತ ಕೇಳಿದರೆ ಕೌಂಟರಿನ ಅಜ್ಜ ನಕ್ಕರು, ರೀಸ್ಲಿಂಗ್ ಹಳೆಯದಾದರೆ ಹೀಗೇ, ಇದನ್ನು ಹುಡುಕಿಕೊಂಡೇ ಜನ ಬರುತ್ತಾರೆ ಅಂದರು. ಎರಡನೇ ಗುಟುಕಿಗೆ ಸೀಮೆಎಣ್ಣೆ ಹಿಂದೆ ಸರಿದು ಸುಟ್ಟ ಬ್ರೆಡ್ಡು, ಜೇನು ಬಂದವು. ನನಗೆ ಎಳೆಯದೇ ಇಷ್ಟ.

ತಿರುಪು ಮುಚ್ಚಳ ನೋಡಿ ಅಗ್ಗದ್ದು ಅಂದುಕೊಳ್ಳಬೇಡಿ. 2000ದಲ್ಲಿ ಪಕ್ಕದ ಕ್ಲೇರ್ ವ್ಯಾಲಿಯ ರೀಸ್ಲಿಂಗ್ ಮಾಡುವವರು, ಕಾರ್ಕಿನಿಂದ ವೈನ್ ಮುಗ್ಗುಲು ಹಿಡಿಯುತ್ತದೆ ಅಂತ ರೋಸಿಹೋಗಿ ಒಟ್ಟಿಗೆ ಮುಚ್ಚಳ ಬದಲಾಯಿಸಿದರು. ಈಗ ಆಸ್ಟ್ರೇಲಿಯಾದ ದುಬಾರಿ ಬಾಟಲಿಗಳಿಗೂ ಹೆಚ್ಚಾಗಿ ಅದೇ.

ನಾಲ್ಕನೇ ದಿನ: ಮೆಕ್ಲಾರೆನ್ ವೇಲ್

ಅಡಿಲೇಡಿನ ದಕ್ಷಿಣಕ್ಕೆ ಮುಕ್ಕಾಲು ಗಂಟೆ, ಬೆಟ್ಟಕ್ಕೂ ಸಮುದ್ರಕ್ಕೂ ಮಧ್ಯೆ. 1912ರಿಂದ ಇರುವ ಡಾರೆನ್‌ಬರ್ಗ್‌ನವರು ತೋಟದ ನಡುವೆ ಐದು ಮಹಡಿಯ ಗಾಜಿನ ಕ್ಯೂಬ್ ಕಟ್ಟಿದ್ದಾರೆ, 2017ರಲ್ಲಿ ತೆರೆದದ್ದು. ರೂಬಿಕ್ಸ್ ಕ್ಯೂಬನ್ನು ಯಾರೋ ಅರ್ಧ ತಿರುಗಿಸಿ ಬಿಟ್ಟುಹೋದ ಹಾಗಿದೆ. ಒಳಗೆ ವಾಸನೆ ಕೋಣೆ ಒಂದಿದೆ, ಗಾಜಿನ ಜಾಡಿಗಳಿಗೆ ಸೈಕಲ್ ಹಾರ್ನ್ ಸಿಕ್ಕಿಸಿದ್ದಾರೆ. ಪೊಂ ಅಂತ ಒತ್ತಿದರೆ ಜಾಡಿಯೊಳಗಿನ ಹಣ್ಣು ಹೂವಿನ ವಾಸನೆ ಮುಖಕ್ಕೆ ಬರುತ್ತದೆ. ಇಡೀ ಪ್ರವಾಸದಲ್ಲಿ ಭಾವ ಖುಷಿಪಟ್ಟ ಜಾಗ ಇದೊಂದೇ. ಕುಡಿಯದೆ ವೈನ್ ಕಲಿಯಬಹುದಲ್ಲ ಅಂತ ಒಂದೊಂದು ಹಾರ್ನೂ ಎರಡೆರಡು ಸಲ ಒತ್ತಿದರು, ಹಿಂದೆ ಕ್ಯೂ ನಿಂತಿದ್ದ ಮಕ್ಕಳು ಕಾಯುತ್ತಿದ್ದವು.

ಇಲ್ಲಿ ಡೆಡ್ ಆರ್ಮ್ ಅನ್ನುವ ಶಿರಾಜ್ ಇದೆ, ಎಪ್ಪತ್ತು ಡಾಲರಿಗೆ ಕಡಿಮೆ ಇಲ್ಲ. ಹಳೇ ಬಳ್ಳಿಗೆ ಒಂದು ಶಿಲೀಂಧ್ರ ರೋಗ ಬಂದು ಒಂದು ಕೈ ಒಣಗಿಹೋಗುತ್ತದೆ, ಉಳಿದ ಕೈಯಲ್ಲಿ ಬಿಡುವ ನಾಲ್ಕೇ ಗೊಂಚಲಲ್ಲಿ ರುಚಿಯೆಲ್ಲ ಬಂದು ಕೂರುತ್ತದೆ ಅನ್ನುತ್ತಾರೆ. ಗಟ್ಟಿ ಇದೆ, ತುಂಬಾ ಗಟ್ಟಿ. ಒಂದು ಲೋಟಕ್ಕೆ ಹೊಟ್ಟೆ ತುಂಬಿತು. ನನ್ನ ಶಿಫಾರಸು ಇವರದೇ ಕಸ್ಟೋಡಿಯನ್, ಗ್ರೆನಾಶ್ ಅನ್ನುವ ದ್ರಾಕ್ಷಿಯ ಕೆಂಪು ವೈನು, ಇಪ್ಪತ್ತು ಚಿಲ್ಲರೆ. ಬಣ್ಣ ತೆಳು, ಪುನರ್ಪುಳಿ ಶರಬತ್ತಿನ ಹುಳಿ-ಸಿಹಿ. ನಮ್ಮ ಸೆಕೆಗೆ ಇಂಥದ್ದೇ ಸರಿ. ಅಂದ ಹಾಗೆ ಕೆಂಪು ವೈನ್ 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಅನ್ನುವ ಮಾತು ನಮ್ಮ ಏಪ್ರಿಲ್ ತಿಂಗಳ ರೂಮಿಗೆ ಹೇಳಿದ್ದಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಯಾರೂ ಕೇಸು ಹಾಕಲ್ಲ. ಕೋರಿಯೋಲ್‌ನವರ ಫಿಯಾನೋ ಅನ್ನುವ ಬಿಳಿ ವೈನೂ ಚೆನ್ನಾಗಿತ್ತು, ಮೂವತ್ತರೊಳಗೆ. ಮೀನು ಫ್ರೈ ಜೊತೆಗೆ ನೆನಪಾಯಿತು.

ಮೂರನೇ ಜಾಗದ ಹೆಸರು ಹೇಳಲ್ಲ. ಕುಡಿಯಲ್ಲ, ನೀರು ಸಾಕು ಅಂದ ಭಾವನಿಗೂ ಪೂರ್ತಿ ಟೇಸ್ಟಿಂಗ್ ಚಾರ್ಜ್ ಹಾಕಿದರು, ಮೇಜು ಹಿಡಿದಿದ್ದಕ್ಕೆ ಅಂತೆ. ಅಕ್ಕ ವಾದ ಮಾಡಿದಳು, ಪ್ರಯೋಜನ ಆಗಲಿಲ್ಲ. ಕೊನೆಗೆ ಭಾವ ತಮ್ಮ ಪಾಲಿನ ಐದೂ ವೈನ್ ತರಿಸಿ, ಒಂದೊಂದನ್ನೇ ಗಂಭೀರವಾಗಿ ಮೂಸಿ, ಪೀಕದಾನಿಗೆ ಸುರಿದರು.

ಐದನೇ ದಿನ: ಸಾವಿರ ಡಾಲರಿನ ಗುಟುಕು

ಅಕ್ಕನ ಮನೆಯಿಂದ ಇಪ್ಪತ್ತು ನಿಮಿಷಕ್ಕೆ ಮಗಿಲ್ ಎಸ್ಟೇಟ್. 1844ರಲ್ಲಿ ಇಂಗ್ಲೆಂಡಿನಿಂದ ಬಂದ ಡಾಕ್ಟರ್ ಕ್ರಿಸ್ಟೋಫರ್ ಪೆನ್‌ಫೋಲ್ಡ್ ಮತ್ತು ಹೆಂಡತಿ ಮೇರಿ ನೆಲೆಸಿದ ಜಾಗ. ಡಾಕ್ಟ್ರು ರೋಗಿಗಳಿಗೆ ಟಾನಿಕ್ ಅಂತ ವೈನ್ ಕೊಡುತ್ತಿದ್ದರು, ತೋಟ ಮತ್ತು ವೈನಿನ ಕೆಲಸವನ್ನೆಲ್ಲ ನಡೆಸಿದ್ದು ಮೇರಿ, ಬೋರ್ಡಿನ ಮೇಲೆ ಹೆಸರು ಡಾಕ್ಟರದ್ದು.

ಇಲ್ಲಿನ ಗ್ರೇಂಜ್ ಆಸ್ಟ್ರೇಲಿಯಾದ ಅತಿ ದೊಡ್ಡ ಹೆಸರಿನ ವೈನು, ಬಾಟಲಿಗೆ ಸಾವಿರ ಡಾಲರ್ ಆಸುಪಾಸು. ಮ್ಯಾಕ್ಸ್ ಶೂಬರ್ಟ್ ಅನ್ನುವವರು 1950ರಲ್ಲಿ ಯೂರೋಪಿಗೆ ಹೋಗಿ ಬಂದು, ದಶಕಗಟ್ಟಲೆ ಇಡಬಹುದಾದ ವೈನ್ ಮಾಡುತ್ತೇನೆ ಅಂತ 1951ರಲ್ಲಿ ಪ್ರಯೋಗ ಶುರು ಮಾಡಿದರು. ಕುಡಿದವರೆಲ್ಲ ಬೈದರು. ಒಬ್ಬರಂತೂ ಇದರಲ್ಲಿ ಜಜ್ಜಿದ ಇರುವೆಯ ರುಚಿಯೇ ಮುಂದಿದೆ ಅಂದರಂತೆ. ನಾವಿಬ್ಬರೂ ಜೋರಾಗಿ ನಕ್ಕೆವು. ಚಗಳಿ ಇರುವೆಯ ಚಟ್ನಿ ತಿಂದು ಬೆಳೆದವರಿಗೆ ಅದು ಬೈಗುಳವೇ ಅಲ್ಲ. 1957ರಲ್ಲಿ ಕಂಪನಿ ನಿಲ್ಲಿಸು ಅಂದಿತು. ಶೂಬರ್ಟ್ ಮೂರು ವರ್ಷ ಕದ್ದುಮುಚ್ಚಿ ಮಾಡಿದರು. ಅಷ್ಟರಲ್ಲಿ ಹಳೇ ಬಾಟಲಿಗಳು ಹದಕ್ಕೆ ಬಂದು ಎಲ್ಲರ ಬಾಯಿ ಮುಚ್ಚಿಸಿದವು, 1960ರಲ್ಲಿ ಕಂಪನಿಯೇ ಮತ್ತೆ ಮಾಡು ಅಂದಿತು. ಆ 1951ರ ಬಾಟಲಿ ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದೆ.

ಒಂದು ಗುಟುಕು ತಗೊಂಡು ಇಬ್ಬರೂ ಹಂಚಿಕೊಂಡೆವು. ಒಳ್ಳೆಯದಾ? ಹೌದು. ಬಾಯೊಳಗೆ ಒಂದರ ಹಿಂದೆ ಒಂದು ಏನೇನೋ ಬರುತ್ತಾ ಹೋಯಿತು, ನೇರಳೆ, ಚಕ್ಕೆ, ಹೊಗೆ ಹಿಡಿದ ಅಟ್ಟ, ಚರ್ಮದ ಚಪ್ಪಲಿ. ಆದರೆ ಲಾಂಗ್‌ಮೈಲಿನ ಮೂವತ್ತು ಡಾಲರಿನದ್ದಕ್ಕೆ ಹೋಲಿಸಿದರೆ ಮೂವತ್ತು ಪಟ್ಟು ಒಳ್ಳೆಯದಾ ಅಂದರೆ ನನ್ನ ನಾಲಿಗೆಗೆ ಆ ಲೆಕ್ಕ ಬರಲ್ಲ. ನನಗೆ ತಿಳಿದ ಮಟ್ಟಿಗೆ ಹತ್ತು ಡಾಲರಿಂದ ಇಪ್ಪತ್ತೈದಕ್ಕೆ ಹೋದರೆ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಇಪ್ಪತ್ತೈದರಿಂದ ಅರವತ್ತಕ್ಕೆ ಹೋದರೆ ಗಮನ ಇಟ್ಟು ಕುಡಿದರೆ ಗೊತ್ತಾಗುತ್ತದೆ. ಅದರ ಮೇಲೆ ನಾನು ಕತೆಗೆ ದುಡ್ಡು ಕೊಡುತ್ತಿದ್ದೆ ಅಂತ ಕಾಣುತ್ತೆ. ಗ್ರೇಂಜಿನ ಕತೆ ಚೆನ್ನಾಗಿದೆ, ಅದು ಬೇರೆ.

ಸಂಜೆ ಮಸಾಲೆ ಮಂಡಕ್ಕಿ ಜೊತೆ ವಿಕ್ಟೋರಿಯಾದ ಕಿಂಗ್ ವ್ಯಾಲಿಯ ಡಾಲ್ ಜೋಟೋದವರ ಪ್ರೊಸೆಕೊ, ಗುಳ್ಳೆ ಏಳುವ ಬಿಳಿ ವೈನು. ಇಪ್ಪತ್ತು ಡಾಲರ್. ಆಸ್ಟ್ರೇಲಿಯಾದಲ್ಲಿ ಪ್ರೊಸೆಕೊ ಬಳ್ಳಿ ಮೊದಲು ನೆಟ್ಟವರು ಇವರೇ, 1999ರಲ್ಲಿ. ಹರಟೆಗೆ ಇದಕ್ಕಿಂತ ಒಳ್ಳೇ ಜೋಡಿ ಇಲ್ಲ, ಬಾಟಲಿ ಖಾಲಿ ಆದದ್ದೇ ಗೊತ್ತಾಗಲಿಲ್ಲ.

ಆರು ಮತ್ತು ಏಳನೇ ದಿನ: ಟಾಸ್ಮೇನಿಯಾ

ಅಕ್ಕ ಗುಳ್ಳೆ ವೈನಿನ ಹುಚ್ಚಿ. ಸ್ಪಾರ್ಕ್ಲಿಂಗ್ ಅನ್ನಲ್ಲ, ಗುಳ್ಳೆ ಅಂತಲೇ ಅನ್ನುತ್ತಾಳೆ. ಅದಕ್ಕೆ ಟಾಸ್ಮೇನಿಯಾಕ್ಕೇ ಹೋಗಬೇಕು ಅಂತ ಮೆಲ್ಬರ್ನ್ ಮೇಲಿಂದ ಲಾನ್ಸೆಸ್ಟನ್‌ಗೆ ಹಾರಿದೆವು. ಏರ್‌ಪೋರ್ಟಿನಲ್ಲಿ ನಾಯಿಯೊಂದು ನೇರ ಬಂದು ಭಾವನ ಬ್ಯಾಗಿನ ಮುಂದೆ ಕೂತುಬಿಟ್ಟಿತು. ಒಳಗೆ ಅಕ್ಕ ದಾರಿಗೆ ಅಂತ ಇಟ್ಟಿದ್ದ ಎರಡು ಬಾಳೆಹಣ್ಣು. ಆ ದ್ವೀಪಕ್ಕೆ ಹಸಿ ಹಣ್ಣು ತರುವಂತಿಲ್ಲ, ತೊಟ್ಟಿಗೆ ಹಾಕಿದೆವು. ನಾಯಿಗೆ ಬಿಸ್ಕತ್ತು ಸಿಕ್ಕಿತು, ಭಾವನಿಗೆ ಏನೂ ಸಿಗಲಿಲ್ಲ.

ಮರುದಿನ ಉತ್ತರಕ್ಕೆ ಪೈಪರ್ಸ್ ರಿವರ್ ಕಡೆ. ಮೋಡ, ತುಂತುರು, ಹಸಿರು ಗುಡ್ಡ. ಒಂದು ಕ್ಷಣ ಆಗುಂಬೆ ದಾರಿ ಅನ್ನಿಸಿತು, ದನಗಳ ಬದಲು ಕುರಿ. ಇಲ್ಲಿ ಯಾನ್ಸ್ ಅನ್ನುವ ತೋಟ. ನಾನು ಜಾನ್ಸ್ ಅಂತ ಕೇಳಿದೆ, ಅವರು ಮೆತ್ತಗೆ ತಿದ್ದಿದರು. 1642ರಲ್ಲಿ ಈ ದ್ವೀಪ ಕಂಡ ಡಚ್ ನಾವಿಕ ಏಬಲ್ ಯಾನ್ಸೂನ್ ಟಾಸ್ಮನ್ ಹೆಸರದು. 1986ರಲ್ಲಿ ಫ್ರಾನ್ಸಿನ ಲೂಯಿ ರೋಡೆರರ್ ಶಾಂಪೇನ್ ಮನೆಯವರ ಪಾಲುದಾರಿಕೆಯಲ್ಲಿ ಶುರುವಾದದ್ದು, ಅಂದರೆ ನನ್ನಷ್ಟೇ ವಯಸ್ಸು. ಈಗ ಯಾಲಂಬಾ ಮನೆತನದವರ ಕೈಯಲ್ಲಿದೆ. ಶಾಂಪೇನ್ ಅನ್ನುವ ಹೆಸರು ಫ್ರಾನ್ಸಿನ ಆ ಸೀಮೆಯವರಿಗೆ ಮಾತ್ರ ಮೀಸಲು ಅಲ್ವಾ, ಇವರು ಬಾಟಲಿ ಮೇಲೆ 'ಮೆಥೋಡ್ ಟಾಸ್ಮನ್ವಾಸ್' ಅಂತ ಅಣಕಿಸಿ ಬರೆದುಕೊಂಡಿದ್ದಾರೆ.

ಮಾಡುವ ರೀತಿ ಫ್ರೆಂಚರದೇ. ತಯಾರಾದ ವೈನಿಗೆ ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಬಾಟಲಿ ಮುಚ್ಚುತ್ತಾರೆ. ಒಳಗೇ ಇನ್ನೊಮ್ಮೆ ಹುಳಿ ಬಂದು ಗಾಳಿ ಹೊರಗೆ ಹೋಗಲು ಜಾಗ ಇಲ್ಲದೆ ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಕಾರ್ ಟೈರಿನ ಎರಡು-ಮೂರು ಪಟ್ಟು. ಸತ್ತ ಯೀಸ್ಟ್ ತಳದಲ್ಲಿ ಕೂತು ವರ್ಷಗಟ್ಟಲೆ ಬ್ರೆಡ್ಡಿನ ಘಮ ಬಿಡುತ್ತದೆ. ಆಮೇಲೆ ಬಾಟಲಿಯನ್ನು ದಿನದಿನಕ್ಕೂ ತಿರುಗಿಸಿ ತಲೆಕೆಳಗು ಮಾಡಿ, ಕೊರಳಲ್ಲಿ ಸೇರಿದ ಗಸಿಯನ್ನು ಹೆಪ್ಪುಗಟ್ಟಿಸಿ, ಮುಚ್ಚಳ ತೆಗೆದರೆ ಬಿರಡೆ ಹಾಗೆ ಠಪ್ಪನೆ ಹಾರುತ್ತದೆ. ಅಗ್ಗದ ಗುಳ್ಳೆಗೆ ಇಷ್ಟೆಲ್ಲ ಇಲ್ಲ, ದೊಡ್ಡ ಟ್ಯಾಂಕಿನಲ್ಲೇ ಆಗಿಬಿಡುತ್ತದೆ, ಇಲ್ಲವೇ ಸೋಡಾ ಥರ ಗ್ಯಾಸ್ ತುಂಬುತ್ತಾರೆ.

ನಾವು ತಗೊಂಡದ್ದು ಇವರ ಪ್ರೀಮಿಯಂ ಕ್ಯೂವೇ ಅನ್ನುವ ಗುಳ್ಳೆ ವೈನು, ಮೂವತ್ತು ಡಾಲರ್. ಕಿಟಕಿಯಾಚೆ ಕೆರೆ, ಅದರಾಚೆ ದ್ರಾಕ್ಷಿ ಸಾಲು. ಲೋಟದ ತಳದಿಂದ ಸೂಜಿಮೊನೆಯಷ್ಟು ಗುಳ್ಳೆ ದಾರ ಕಟ್ಟಿದ ಹಾಗೆ ಎದ್ದು ಬರುತ್ತಲೇ ಇತ್ತು, ಕಾಲು ಗಂಟೆ ಮಾತಾಡಿ ಮತ್ತೆ ನೋಡಿದರೂ ನಿಂತಿರಲಿಲ್ಲ. ಅಕ್ಕ ಮಾತೇ ಆಡಲಿಲ್ಲ. ಅವಳ ಮಟ್ಟಿಗೆ ಅದು ದೊಡ್ಡ ಸರ್ಟಿಫಿಕೇಟು.

ಎಂಟನೇ ದಿನ

ವಾಪಸ್. ಬಟ್ಟೆ ಒಗೆದೆವು. ಮೊಸರನ್ನ, ಉಪ್ಪಿನಕಾಯಿ. ವೈನ್ ಇಲ್ಲ.

ಒಂಬತ್ತನೇ ದಿನ: ಪೇಪರ್ ಸುತ್ತಿದ ಬಾಟಲಿಗಳು

ಬೆಲೆ ಗೊತ್ತಿಲ್ಲದೆ ಕುಡಿದರೆ ಏನಾಗುತ್ತೆ ನೋಡೋಣ ಅಂತ ಭಾವನನ್ನು ಅಂಪೈರ್ ಮಾಡಿದೆವು. ಮೂರು ಗುಳ್ಳೆ ವೈನು: ಹನ್ನೆರಡು ಡಾಲರಿನ ಜೇಕಬ್ಸ್ ಕ್ರೀಕ್, ಮೂವತ್ತರ ಯಾನ್ಸ್, ಐವತ್ತರ ಆಸುಪಾಸಿನ ಆರಸ್ ಬ್ರೂಟ್ ಎಲೀಟ್, ಅದೂ ಟಾಸ್ಮೇನಿಯಾದ್ದೇ. ಭಾವ ಅಡುಗೆಮನೆಯಲ್ಲೇ ಸುರಿದು ಟ್ರೇಯಲ್ಲಿ ನಾಲ್ಕು ಲೋಟ ತಂದರು. ನಾಲ್ಕನೆಯದು ಗುಟ್ಟು, ನಾನೇ ಒಂದು ಸೇರಿಸಿದ್ದೀನಿ ಅಂದರು.

ಮೊದಲ ಲೋಟ ಇಬ್ಬರಿಗೂ ತಕ್ಷಣ ಗೊತ್ತಾಯಿತು. ದೊಡ್ಡ ಗುಳ್ಳೆ, ಬೇಗ ಇಳಿದುಹೋಯಿತು, ರುಚಿಯೂ ಅಷ್ಟೇ ಬೇಗ ಮುಗಿಯಿತು. ಜೇಕಬ್ಸ್ ಕ್ರೀಕ್. ಮದುವೆ ಮನೆಯಲ್ಲಿ ನೂರು ಜನಕ್ಕೆ ಕೊಡಲು, ಜ್ಯೂಸ್ ಬೆರೆಸಲು ಸರಿ. ಎರಡನೆಯದಕ್ಕೆ ನಾನು ಬರೆದುಕೊಂಡದ್ದು: ಹಸಿ ಸೇಬು, ಬ್ರೆಡ್ಡು, ತುಂಬಾ ಚೆನ್ನಾಗಿದೆ. ಮೂರನೆಯದು: ಬೆಣ್ಣೆ, ಹುರಿದ ಬಾದಾಮಿ, ಭಾರ. ನಾಲ್ಕನೆಯದು: ನಿಂಬೆ ಜಾಸ್ತಿ, ಎರಡನೆಯದಕ್ಕಿಂತ ಒಂದು ದರ್ಜೆ ಕಡಿಮೆ.

ಭಾವ ಪೇಪರ್ ಬಿಚ್ಚಿದರು. ಎರಡನೆಯದೂ ನಾಲ್ಕನೆಯದೂ ಒಂದೇ ಯಾನ್ಸ್ ಬಾಟಲಿಯವು. "ದರ್ಜೆ ಎಷ್ಟು ಕಡಿಮೆ ಅಂದ್ಯಮ್ಮ?" ಅಂತ ರಾತ್ರಿ ಮಲಗುವವರೆಗೂ ಕೇಳುತ್ತಲೇ ಇದ್ದರು. ಹಾಗಾಗಿ ಇಲ್ಲಿಯವರೆಗೆ ನಾನು ಬರೆದದ್ದನ್ನೆಲ್ಲ ಈ ಒಂದು ಸಂಗತಿ ನೆನಪಿಟ್ಟುಕೊಂಡೇ ಓದಿ. ಆರಸ್ ಅಕ್ಕನಿಗೆ ಮೊದಲು, ನನಗೆ ಯಾನ್ಸ್, ಕನಿಷ್ಠ ಒಂದು ಲೋಟದಲ್ಲಿ.

ರಾತ್ರಿ ಊಟಕ್ಕೆ ಕಡುಬು, ಕೋಳಿ ಸಾರು. ಅಕ್ಕ ಫ್ರಿಜ್ಜಿನಿಂದ ತೆಗೆದದ್ದು ಸೆಪ್ಪೆಲ್ಟ್‌ನವರ ಸ್ಪಾರ್ಕ್ಲಿಂಗ್ ಶಿರಾಜ್. ವಿಕ್ಟೋರಿಯಾದ ಗ್ರೇಟ್ ವೆಸ್ಟರ್ನ್ ಊರಿನಿಂದ ಬೆಳೆದ ಹೆಸರು. ಚಿನ್ನದ ಗಣಿ ಕೆಲಸದವರಿಂದ ಅಲ್ಲಿ ನೆಲದೊಳಗೆ ಸುರಂಗ ತೋಡಿಸಿ ಬಾಟಲಿ ಇಡುತ್ತಿದ್ದರು. ಕೆಂಪು ವೈನು, ಅದೂ ತಣ್ಣಗೆ, ಅದರಲ್ಲಿ ಗುಳ್ಳೆ. ನೋಡಲು ನೇರಳೆ ಹಣ್ಣಿನ ಸೋಡಾ. ಸುರಿದರೆ ನೊರೆಯೂ ನಸುಗೆಂಪು. ಆಸ್ಟ್ರೇಲಿಯಾದವರು ಕ್ರಿಸ್‌ಮಸ್ ಊಟಕ್ಕೆ ಕುಡಿಯುತ್ತಾರೆ, ಬೇರೆ ದೇಶದ ವೈನ್ ಪಂಡಿತರು ಮೂಗು ಮುರಿಯುತ್ತಾರಂತೆ. ಮುರಿಯಲಿ. ಹುರಿದ ಮಸಾಲೆಯ ಖಾರಕ್ಕೆ ಬೇರೆ ಕೆಂಪು ವೈನೆಲ್ಲ ಬಾಯಲ್ಲಿ ಕಹಿಯಾಗಿ ಜಗಳಕ್ಕೆ ನಿಲ್ಲುತ್ತಿದ್ದವು. ಇದರ ಸಣ್ಣ ಸಿಹಿ, ತಣ್ಣನೆ ಗುಳ್ಳೆ ಸಾರಿನ ಜೊತೆ ಅಚ್ಚುಕಟ್ಟಾಗಿ ಕೂತಿತು. ಇಪ್ಪತ್ತು ಚಿಲ್ಲರೆ ಡಾಲರಿಗೆ! ಅಕ್ಕ ಕೇಳುವ ಮೊದಲೇ ಹೇಳಿದೆ, ಹತ್ತುತ್ತೆ ಅಂತ.

ಹತ್ತನೇ ದಿನ: ಸೂಟ್‌ಕೇಸು

ಪ್ಯೂಸಿ ವೇಲ್ ರೀಸ್ಲಿಂಗ್ ಒಂದು. ಸ್ಪಾರ್ಕ್ಲಿಂಗ್ ಶಿರಾಜ್ ಒಂದು. ಉಳಿದ ಅರ್ಧ ಲೀಟರ್ ಜಾಗಕ್ಕೆ ಡಿ ಬೊರ್ಟೋಲಿಯವರ ನೋಬಲ್ ಒನ್, 375 ಮಿಲಿ, ಮೂವತ್ತು ಚಿಲ್ಲರೆ. ಬೂಷ್ಟು ಹತ್ತಿ ಮುದುಡಿದ ಸೆಮಿಯೋನ್ ದ್ರಾಕ್ಷಿಯಿಂದ ಮಾಡುವ ಸಿಹಿ ವೈನು, 1982ರಿಂದ ಮಾಡುತ್ತಿದ್ದಾರೆ. ಯಾನ್ಸ್ ಬಿಟ್ಟು ಬಂದದ್ದಕ್ಕೆ ಅಕ್ಕ ಇನ್ನೂ ಬೈಯುತ್ತಾಳೆ. ಒಂದೇ ಅಂಗಡಿಯಲ್ಲಿ 300 ಡಾಲರ್ ಮೇಲೆ ಕೊಂಡರೆ ಏರ್‌ಪೋರ್ಟಿನಲ್ಲಿ ಪ್ರವಾಸಿಗಳಿಗೆ ತೆರಿಗೆ ವಾಪಸ್ ಕೊಡುತ್ತಾರೆ, ವೈನಿನ ಮೇಲಿನ ವಿಶೇಷ ತೆರಿಗೆಯೂ ಸೇರಿ. ನನ್ನ ಮೂರೂ ಬಾಟಲಿ ಸೇರಿ ನೂರೂ ಆಗಲಿಲ್ಲ, ಆ ಕ್ಯೂ ಉಳಿಯಿತು. ಒಂದೊಂದನ್ನೂ ಕಾಲುಚೀಲಕ್ಕೆ ಇಳಿಸಿ, ಅಕ್ಕನ ಹಳೇ ಕಾಟನ್ ಸೀರೆ ಸುತ್ತಿ, ಮಧ್ಯಕ್ಕೆ ಇಟ್ಟೆ. ಒಂದೂ ಒಡೆಯಲಿಲ್ಲ.

ಮೊದಲ ವಾರಾಂತ್ಯಕ್ಕೇ ಊರಿಗೆ ಹೋದೆ. ಅಮ್ಮ ಒಣದ್ರಾಕ್ಷಿ ಪೊಟ್ಟಣ ಒಡೆದು ಎರಡು ಬಾಯಿಗೆ ಹಾಕಿಕೊಂಡು "ನಮ್ಮ ಬಿಜಾಪುರದ್ದೇ ಚೆನ್ನಾಗಿರುತ್ತೆ" ಅಂದರು. ಆಮೇಲೆ ಬ್ಯಾಗಿನ ಬಾಯಿಂದ ಇಣುಕುತ್ತಿದ್ದ ಬಂಗಾರದ ಬಣ್ಣದ ಸಣ್ಣ ಬಾಟಲಿ ಕಂಡಿತು.

"ಇದೇನೇ, ಜೇನುತುಪ್ಪಾನಾ?"

ಒಂದು ಚಮಚ ಕೊಟ್ಟೆ. ಚಪ್ಪರಿಸಿದರು. ಇನ್ನೊಂದು ಚಮಚ ಅಂತ ಕೈ ಚಾಚಿದರು. ಅದನ್ನೂ ಚಪ್ಪರಿಸಿ ಚಮಚ ತೊಳೆಯಲು ಹಾಕುತ್ತಾ ಹೇಳಿದರು: "ಹುಳಿ ಬಂದಿದೆ ಕಣೇ. ಮುಚ್ಚಳ ಸರಿಯಾಗಿ ಹಾಕಿಲ್ಲ ಅವರು."